ಬಾಗಿಲು ಹಾಕಿದರೆ ಮುಕ್ಕಾಲು ಗಂಟೆಗೆ ಆರುವ ವೆಂಟ್-ಫ್ರೀ ಗ್ಯಾಸ್ ಫೈರ್‌ಪ್ಲೇಸ್: ದೋಷ ಪೈಲಟ್‌ನದೋ, ಕೋಣೆಯದೋ?

ಕ್ಯಾರಿ ಕನ್ನಡಿಗ:

ನಮಸ್ಕಾರ. ನಾರ್ತ್ ಕ್ಯಾರೊಲಿನಾದ ಕ್ಯಾರಿಯಲ್ಲಿ ಮನೆ. ಹಳೆಯ ಇಟ್ಟಿಗೆ ಫೈರ್‌ಪ್ಲೇಸ್ ಒಳಗೆ ವೆಂಟ್-ಫ್ರೀ (ಹೊಗೆ ಕೊಳವೆ ಇಲ್ಲದ) ಗ್ಯಾಸ್ ಲಾಗ್ ಸೆಟ್ (ಸೌದೆಯಂತೆ ಕಾಣುವ ಗ್ಯಾಸ್ ಒಲೆ) ಕೂರಿಸಿದ್ದಾರೆ. ನ್ಯಾಚುರಲ್ ಗ್ಯಾಸ್, ತಗಡಿನ ಪಟ್ಟಿಯಲ್ಲಿ ಗಂಟೆಗೆ 32,000 ಬಿಟಿಯು (ಶಾಖದ ಅಳತೆ) ಎಂದಿದೆ. ಕೋಣೆ 14 ಅಡಿ ಉದ್ದ, 12 ಅಡಿ ಅಗಲ, 8 ಅಡಿ ಎತ್ತರ.

ಹಚ್ಚಿ 45–50 ನಿಮಿಷಕ್ಕೆ ಪೈಲಟ್ (ಬರ್ನರ್ ಹೊತ್ತಿಸುವ ಸಣ್ಣ ಜ್ವಾಲೆ) ಸಮೇತ ಆರಿಹೋಗುತ್ತದೆ. ಆಗಲೇ ಮತ್ತೆ ಹಚ್ಚಿದರೆ ನಿಲ್ಲುವುದಿಲ್ಲ, ಸ್ವಲ್ಪ ಹೊತ್ತು ಬಿಟ್ಟು ಹಚ್ಚಿದರೆ ಸರಿಯಾಗಿ ಉರಿಯುತ್ತದೆ. ಹೋದ ವರ್ಷದವರೆಗೂ ಈ ತೊಂದರೆ ಇರಲಿಲ್ಲ. ಈ ಬೇಸಿಗೆಯಲ್ಲಿ ಕಿಟಕಿಗಳನ್ನು ಬದಲಾಯಿಸಿ ಎರಡು ಗಾಜಿನವು ಹಾಕಿಸಿದೆವು. ಊರಿನಿಂದ ಅಮ್ಮ ಬಂದಿದ್ದಾರೆ, ಅವರಿಗೆ ಮೆಟ್ಟಿಲು ಹತ್ತಲು ಆಗುವುದಿಲ್ಲ. ಹಾಗಾಗಿ ಹಾಲ್ ಕಡೆಗಿದ್ದ ತೆರೆದ ಕಮಾನಿಗೆ ಬಾಗಿಲು ಇಡಿಸಿ ಇದನ್ನೇ ಅವರ ಕೋಣೆ ಮಾಡಿದ್ದೇವೆ. ದೇವರ ಮಂಟಪವೂ ಅಲ್ಲೇ ಇದೆ.

ಬೆಳಿಗ್ಗೆ ಕಿಟಕಿ ಗಾಜಿನಲ್ಲಿ ನೀರು ಇಳಿಯುತ್ತಿರುತ್ತದೆ. ಒಂದು ಬಗೆಯ ಘಾಟು ವಾಸನೆ ಬರುತ್ತದೆ. ಅಮ್ಮ ತಲೆಭಾರ ಅನ್ನುತ್ತಾರೆ, ಆದರೆ ಕಾರ್ಬನ್ ಮಾನಾಕ್ಸೈಡ್ ಅಲಾರಂ ಒಮ್ಮೆಯೂ ಕೂಗಿಲ್ಲ. ಪರಿಚಯದವರೊಬ್ಬರು "ಆ ಸೆನ್ಸರ್ ಪೈಲಟ್ ತೆಗೆದು ಮಾಮೂಲಿ ಪೈಲಟ್ ಹಾಕಿಸಿಬಿಡಿ, ಆರುವುದಿಲ್ಲ" ಅಂದರು. ಹಾಗೆ ಮಾಡಬಹುದೇ?

ನೀಲಿ ಜ್ವಾಲೆ:

ಮಾಡಬೇಡಿ. ಇವತ್ತು ರಾತ್ರಿ ಆ ಲಾಗ್ ಹಚ್ಚಲೂಬೇಡಿ, ಅಮ್ಮನಿಗೆ ಬೇರೆ ಹೀಟರ್ ಕೊಡಿ. ಕಾರಣ ಹೇಳುತ್ತೇನೆ.

ಆ ಪೈಲಟ್‌ಗೆ ಓಡಿಎಸ್ ಅನ್ನುತ್ತಾರೆ, ಆಮ್ಲಜನಕ ಕಡಿಮೆಯಾದಾಗ ಗ್ಯಾಸ್ ನಿಲ್ಲಿಸುವ ಪೈಲಟ್. ಹೊರಗಿನ ಗಾಳಿಯಲ್ಲಿ ಆಮ್ಲಜನಕ ಶೇ. 20.9 ಇರುತ್ತದೆ. ಅದು ಶೇ. 18ರ ಹತ್ತಿರ ಇಳಿದಾಗ ಪೈಲಟ್ ಜ್ವಾಲೆ ತನ್ನ ಜಾಗ ಬಿಟ್ಟು ಮೇಲಕ್ಕೆ ಎದ್ದು ಥರ್ಮೋಕಪಲ್ (ಬಿಸಿಯಿಂದ ವಿದ್ಯುತ್ ಹುಟ್ಟಿಸುವ ಕಡ್ಡಿ) ತುದಿಯಿಂದ ದೂರ ಸರಿಯುತ್ತದೆ. ತುದಿ ತಣ್ಣಗಾದರೆ ವಿದ್ಯುತ್ ಹುಟ್ಟುವುದಿಲ್ಲ, ವಾಲ್ವ್ ಹಿಡಿದಿಟ್ಟ ಕಾಂತ ಕೈಬಿಡುತ್ತದೆ, ಗ್ಯಾಸ್ ಪೂರ್ತಿ ನಿಲ್ಲುತ್ತದೆ. ಹೊಗೆ ಕೊಳವೆಯೇ ಇಲ್ಲದ ಉಪಕರಣದಲ್ಲಿ ಪ್ರಾಣ ಕಾಯುವ ಭಾಗ ಇದೊಂದೇ.

ಈಗ ನಿಮ್ಮ ಕೋಣೆಯ ಲೆಕ್ಕ. 14 × 12 × 8 ಅಂದರೆ 1,344 ಘನ ಅಡಿ. ಅಮೆರಿಕದ ಇಂಧನ ಗ್ಯಾಸ್ ಸಂಹಿತೆ ಪ್ರಕಾರ ಒಂದು ಘನ ಅಡಿಗೆ 20 ಬಿಟಿಯು ಮೀರಬಾರದು. ಅಂದರೆ ಈ ಕೋಣೆಗೆ 26,880 ಬಿಟಿಯು ಗರಿಷ್ಠ, ನಿಮ್ಮದು 32,000. ಹೋದ ವರ್ಷ ಕಮಾನು ತೆರೆದಿತ್ತು, ಹಾಲ್‌ನ ಗಾಳಿಯೂ ಲೆಕ್ಕಕ್ಕೆ ಸೇರುತ್ತಿತ್ತು. ಬಾಗಿಲು ಬಂದ ದಿನವೇ ಈ ಉಪಕರಣ ಈ ಕೋಣೆಗೆ ದೊಡ್ಡದಾಯಿತು. ಹೊಸ ಕಿಟಕಿಗಳು ಸಂದಿಯಲ್ಲಿ ನುಸುಳುತ್ತಿದ್ದ ಗಾಳಿಯನ್ನೂ ತಡೆದವು.

32,000 ಬಿಟಿಯು ಉರಿಯಲು ಗಂಟೆಗೆ ಸುಮಾರು 32 ಘನ ಅಡಿ ಗ್ಯಾಸ್ ಬೇಕು, ಅದಕ್ಕೆ 64 ಘನ ಅಡಿ ಆಮ್ಲಜನಕ ಬೇಕು. ಕೋಣೆಯಲ್ಲಿರುವುದು 281 ಘನ ಅಡಿ. ಶೇ. 20.9ರಿಂದ 18ಕ್ಕೆ ಇಳಿಯಲು 39 ಘನ ಅಡಿ ಖರ್ಚಾದರೆ ಸಾಕು. ಗಾಳಿ ಒಂದಿಷ್ಟೂ ಒಳಗೆ ಬರದಿದ್ದರೆ 37 ನಿಮಿಷ, ಸ್ವಲ್ಪ ನುಸುಳಿದರೆ ಮುಕ್ಕಾಲು ಗಂಟೆ. ನೀವು ಹೇಳಿದ ಸಮಯಕ್ಕೆ ಸರಿಯಾಗಿ ಕೂಡುತ್ತದೆ.

ಅಲಾರಂ ಕೂಗದಿದ್ದರೂ ಅಮ್ಮನಿಗೆ ತಲೆ ಯಾಕೆ ಭಾರ ಎಂಬುದಕ್ಕೂ ಕಾರಣವಿದೆ. ಒಂದು ಪಾಲು ಮೀಥೇನ್ (ನ್ಯಾಚುರಲ್ ಗ್ಯಾಸ್‌ನ ಮುಖ್ಯ ಅಂಶ) ಎರಡು ಪಾಲು ಆಮ್ಲಜನಕ ತಿಂದು ಒಂದು ಪಾಲು ಕಾರ್ಬನ್ ಡೈಆಕ್ಸೈಡ್ ಬಿಡುತ್ತದೆ. ಆಮ್ಲಜನಕ ಶೇ. 2.9 ಇಳಿಯುವ ಹೊತ್ತಿಗೆ ಕಾರ್ಬನ್ ಡೈಆಕ್ಸೈಡ್ ಶೇ. 1.4 ದಾಟಿರುತ್ತದೆ, ಅಂದರೆ ಹತ್ತಿರ ಹತ್ತಿರ 14,500 ಪಿಪಿಎಂ (ಹತ್ತು ಲಕ್ಷ ಪಾಲು ಗಾಳಿಯಲ್ಲಿ ಅಷ್ಟು ಪಾಲು). ಅಮೆರಿಕದಲ್ಲಿ ಕೆಲಸದ ಜಾಗಕ್ಕೆ ಎಂಟು ಗಂಟೆಯ ಸರಾಸರಿ ಮಿತಿ 5,000. ಮನೆಯ ಅಲಾರಂ ಅಳೆಯುವುದು ಮಾನಾಕ್ಸೈಡನ್ನು ಮಾತ್ರ, ಡೈಆಕ್ಸೈಡನ್ನಲ್ಲ. ಅದು ಸುಮ್ಮನಿದ್ದ ಮಾತ್ರಕ್ಕೆ ಗಾಳಿ ಚೆನ್ನಾಗಿದೆ ಎಂದಲ್ಲ. ಮಾನಾಕ್ಸೈಡ್ ವಿಷಯದಲ್ಲೂ ಅದು ನಿಧಾನವಾಗಿಯೇ ಕೂಗುತ್ತದೆ: ಇಂಥ ಅಲಾರಂಗಳ ಯುಎಲ್ 2034 ಮಾನದಂಡದ ಪ್ರಕಾರ 70 ಪಿಪಿಎಂ ಇದ್ದರೆ ಒಂದರಿಂದ ನಾಲ್ಕು ಗಂಟೆಯೊಳಗೆ ಕೂಗಬೇಕು, 150ಕ್ಕೆ 10–50 ನಿಮಿಷ, 400ಕ್ಕೆ 4–15 ನಿಮಿಷ. 30 ಪಿಪಿಎಂ ಇದ್ದರೆ ದಿನಗಟ್ಟಲೆ ಕೂಗದೆಯೂ ಇರಬಹುದು. ವಯಸ್ಸಾದವರು, ಹೃದಯದ ತೊಂದರೆ ಇರುವವರು ಇರುವ ಮನೆಗೆ ಕಡಿಮೆ ಮಟ್ಟವನ್ನೂ ಅಂಕಿಯಲ್ಲಿ ತೋರಿಸುವ ಮಾನಿಟರ್ ತರಿಸುವುದು ಒಳ್ಳೆಯದು. ತಲೆಭಾರ ಮುಂದುವರಿದರೆ ಅಮ್ಮನನ್ನು ವೈದ್ಯರಿಗೆ ತೋರಿಸಿ, ಗ್ಯಾಸ್ ಲಾಗ್ ವಿಷಯ ಅವರಿಗೆ ಹೇಳಿ.

ಪೈಪ್ ರೆಂಚ್:

ಲೆಕ್ಕ ಸರಿ. ಅದಕ್ಕಿಂತ ಮೊದಲು ನೋಡಬೇಕಾದ್ದು ಇನ್ನೊಂದಿದೆ. ಅಮ್ಮ ಅಲ್ಲಿ ಮಲಗುತ್ತಾರೆ ಅಂದರೆ ಅದು ಬೆಡ್‌ರೂಮ್. ಬೆಡ್‌ರೂಮಿಗೆ ಸಂಹಿತೆ ಒಪ್ಪುವುದು ಗೋಡೆಗೆ ತೂಗುಹಾಕುವ, ಓಡಿಎಸ್ ಇರುವ ಒಂದೇ ಒಂದು ವೆಂಟ್-ಫ್ರೀ ಹೀಟರನ್ನು, ಅದೂ 10,000 ಬಿಟಿಯು ಮೀರದ್ದನ್ನು. ಬಾತ್‌ರೂಮಿಗೆ 6,000. ಒಲೆಗೂಡಿನೊಳಗೆ ಇಡುವ 32,000ದ ಲಾಗ್ ಸೆಟ್ ಮಲಗುವ ಕೋಣೆಗೆ ಯಾವ ಲೆಕ್ಕದಲ್ಲೂ ಬರುವುದಿಲ್ಲ. ಬಾಗಿಲು ತೆಗೆದರೂ ಮಂಚ ಅಲ್ಲೇ ಇದ್ದರೆ ತಪ್ಪು ಹಾಗೇ ಉಳಿಯುತ್ತದೆ. ಕೋಣೆ ಅಥವಾ ಲಾಗ್, ಎರಡರಲ್ಲಿ ಒಂದನ್ನು ಬದಲಾಯಿಸಲೇಬೇಕು.

ಪೈಲಟ್‌ನದೂ ಪಾಲಿದೆಯೇ ಎಂದು ತಿಳಿಯಲು ಹಗಲು ಹೊತ್ತು, ಎಲ್ಲರೂ ಎಚ್ಚರ ಇರುವಾಗ ಒಂದು ಪರೀಕ್ಷೆ ಮಾಡಿ. ಬಾಗಿಲು ಪೂರ್ತಿ ತೆರೆದು, ಒಂದು ಕಿಟಕಿಯನ್ನು ನಾಲ್ಕು ಬೆರಳು ಅಗಲ ತೆರೆದು ಹಚ್ಚಿ. ಎರಡು ಗಂಟೆ ಆರದೆ ಉರಿದರೆ ಪೈಲಟ್ ಸರಿ ಇದೆ, ಕೊರತೆ ಗಾಳಿಯದು. ಹಾಗಿದ್ದೂ ಆರಿದರೆ ಪೈಲಟ್ ಕೊಳೆಯಾಗಿದೆ ಅಥವಾ ಒತ್ತಡ ಸಾಲದು. ನಾಬ್ ಬಿಟ್ಟ ಕೂಡಲೇ ಆರಿದರೆ ಥರ್ಮೋಕಪಲ್ ನೋಡಿ. ಬರ್ನರ್ ಹೊತ್ತಿದ ಕ್ಷಣಕ್ಕೆ ಪೈಲಟ್ ಕುಗ್ಗಿ ಆರಿದರೆ ಗ್ಯಾಸ್ ಒತ್ತಡದ ಮೇಲೆ ಅನುಮಾನ ಪಡಿ.

ಸ್ವಚ್ಛ ಮಾಡುವ ಕ್ರಮ: ಗ್ಯಾಸ್ ವಾಲ್ವ್ ಬಂದ್ ಮಾಡಿ, ಲಾಗ್‌ಗಳು ಪೂರ್ತಿ ತಣ್ಣಗಾದ ಮೇಲೆ ಫೋಟೊ ತೆಗೆದಿಟ್ಟುಕೊಂಡು ಒಂದೊಂದಾಗಿ ಎತ್ತಿಡಿ. ಪೈಲಟ್ ತಲೆಗಿಂತ ಸ್ವಲ್ಪ ಕೆಳಗೆ ಕೊಳವೆಯ ಮೈಮೇಲೆ ಗಾಳಿ ಎಳೆಯುವ ಸಣ್ಣ ತೂತು ಕಾಣುತ್ತದೆ. ಕಾರ್ಪೆಟ್ ಎಳೆ, ನಾಯಿಕೂದಲು, ಜೇಡರ ಬಲೆ ಸೇರುವುದು ಅಲ್ಲೇ. ಡಬ್ಬಿಯ ಒತ್ತಡದ ಗಾಳಿಯನ್ನು ತೂತಿಗೆ ಬಿಟ್ಟು ಬಿಟ್ಟು ಊದಿ. ಸೂಜಿ, ತಂತಿ, ಪಿನ್ ಹಾಕಿ ಕೆರೆಯಬಾರದು. ತೂತಿನ ಅಳತೆ ಕೂದಲೆಳೆಯಷ್ಟು ಬದಲಾದರೂ ಶೇ. 18ರ ಲೆಕ್ಕ ತಪ್ಪುತ್ತದೆ. ಕೆಟ್ಟ ಓಡಿಎಸ್ ರಿಪೇರಿ ಮಾಡುವ ವಸ್ತುವಲ್ಲ, ಅದೇ ಮಾದರಿಗೆ ಕಂಪನಿ ಕೊಡುವ ಇಡೀ ಜೋಡಣೆಯನ್ನು ಬದಲಾಯಿಸಬೇಕು. ಸ್ವಚ್ಛವಾದ ಮೇಲೆ ಪೈಲಟ್ ಜ್ವಾಲೆ ನೀಲಿಯಾಗಿ, ಅಲುಗದೆ, ಥರ್ಮೋಕಪಲ್ ತುದಿಯನ್ನು ಸುತ್ತಿಕೊಂಡಿರಬೇಕು. ಹಳದಿಯಾಗಿ ಜೋಲುತ್ತಿದ್ದರೆ ಇನ್ನೂ ಕೊಳೆ ಇದೆ.

ಮಲ್ಟಿಮೀಟರ್ ಇದ್ದರೆ, ಥರ್ಮೋಕಪಲ್ ಬಿಚ್ಚಿ ಅಳೆದಾಗ ಸಾಮಾನ್ಯವಾಗಿ 25–30 ಮಿಲಿವೋಲ್ಟ್ ಬರಬೇಕು. ಒತ್ತಡ ಅಳೆಯುವುದನ್ನು ಲೈಸೆನ್ಸ್ ಇರುವ ಗ್ಯಾಸ್ ಕೆಲಸದವರಿಗೇ ಬಿಡಿ, ಆದರೆ ವಾಟರ್ ಹೀಟರ್, ಫರ್ನೇಸ್, ಅಡುಗೆ ಒಲೆ ಎಲ್ಲಾ ಉರಿಯುವಾಗ ಅಳೆಯಲು ಹೇಳಿ. ಒಂಟಿಯಾಗಿ ಅಳೆದರೆ ಎಲ್ಲ ಸರಿ ಇರುವಂತೆ ಕಾಣುತ್ತದೆ. ಯಾವ ಕೊಂಡಿ ಬಿಚ್ಚಿ ಜೋಡಿಸಿದರೂ ಸೋಪಿನ ನೀರು ಹಚ್ಚಿ ಗುಳ್ಳೆ ಏಳುತ್ತದೆಯೇ ನೋಡಲೇಬೇಕು.

ಕ್ಯಾರಿ ಕನ್ನಡಿಗ:

ತುಂಬ ಉಪಕಾರ. ಅಮ್ಮನ ಹಾಸಿಗೆ ಹಾಲ್‌ಗೆ ಬಂತು. ಬಾಗಿಲು, ಕಿಟಕಿ ತೆರೆದು ಹಚ್ಚಿದಾಗ ಎರಡೂಕಾಲು ಗಂಟೆ ಆರಲಿಲ್ಲ. ಪೈಲಟ್ ನೀಲಿಯಾಗಿಯೇ ಇದೆ. ಆದರೆ ಮುಂದಿನ ಲಾಗ್‌ನ ಕೆಳಭಾಗದಲ್ಲಿ ಅಂಗೈ ಅಗಲ ಮಸಿ ಕಟ್ಟಿದೆ. ಬಾಗಿಲಿಗೆ ಗಾಳಿಯಾಡುವ ಜಾಲರಿ ಇಡಿಸಿದರೆ ಬಾಗಿಲು ಮುಚ್ಚಿಟ್ಟು ಲಾಗ್ ಬಳಸಬಹುದೇ? ಘಾಟು ವಾಸನೆಗೆ ಏನು ಮಾಡಲಿ?

ನೀಲಿ ಜ್ವಾಲೆ:

ಜಾಲರಿಗೆ ಸಾಮಾನ್ಯವಾಗಿ ಹೇಳುವ ಅಳತೆ ಇದು: ಮೇಲೊಂದು, ಕೆಳಗೊಂದು; ಒಂದು ಚಾವಣಿಯಿಂದ 12 ಇಂಚಿನೊಳಗೆ, ಇನ್ನೊಂದು ನೆಲದಿಂದ 12 ಇಂಚಿನೊಳಗೆ. ಸಾವಿರ ಬಿಟಿಯುಗೆ ಒಂದು ಚದರ ಇಂಚು, ಆದರೆ ಯಾವುದೂ 100 ಚದರ ಇಂಚಿಗಿಂತ ಕಡಿಮೆ ಇರಬಾರದು. ಇದು ಗಾಳಿ ಹಾಯುವ ನಿಜವಾದ ಜಾಗ. ಲೋಹದ ಜಾಲರಿಯಲ್ಲಿ ಮುಕ್ಕಾಲು ಭಾಗ ತೆರೆದಿರುತ್ತದೆಂದೂ ಮರದ ಪಟ್ಟಿಗಳದ್ದರಲ್ಲಿ ಕಾಲು ಭಾಗ ಮಾತ್ರವೆಂದೂ ಲೆಕ್ಕ. ಹಾಗಾಗಿ ಲೋಹದ್ದಾದರೆ ಒಂದೊಂದೂ 134 ಚದರ ಇಂಚು, ಮರದ್ದಾದರೆ 400.

ಪೈಪ್ ರೆಂಚ್:

ಆ ಅಳತೆ ಇತರ ಗ್ಯಾಸ್ ಉಪಕರಣಗಳಿಗೆ ಸರಿಹೋಗುತ್ತದೆ. ವೆಂಟ್-ಫ್ರೀ ಹೀಟರಿಗೆ ಪಕ್ಕದ ಕೋಣೆಯನ್ನು ಸೇರಿಸಿ ಎಣಿಸಬೇಕಾದರೆ ಸಂಹಿತೆ ಕೇಳುವುದು ಮುಚ್ಚಲಾಗದ ಬಾಗಿಲುದಾರಿ, ಕಮಾನು ಅಥವಾ ಅಷ್ಟೇ ದೊಡ್ಡ ತೆರಪು. ಕೆಲವು ಕೈಪಿಡಿಗಳಲ್ಲಿ ಜಾಲರಿಗೆ ಅವಕಾಶ ಬರೆದಿರುತ್ತಾರೆ. ನಿಮ್ಮ ಊರಿನ ಇನ್‌ಸ್ಪೆಕ್ಟರ್ ಒಪ್ಪುತ್ತಾರೆಯೇ ಎಂದು ಕೆಲಸಕ್ಕೆ ಮೊದಲೇ ಕೇಳಿ. ನನ್ನ ಸಲಹೆ: ಬಾಗಿಲನ್ನು ಕೀಲುಗಳ ಸಮೇತ ತೆಗೆಸಿಬಿಡಿ, ಮೊದಲಿದ್ದ ಕಮಾನು ಹಾಗೇ ಇರಲಿ. ತೆಗೆದು ಬರೀ ಒರಗಿಸಿಟ್ಟರೆ ಚಳಿ ಜಾಸ್ತಿಯಾದ ರಾತ್ರಿ ಯಾರಾದರೂ ಮತ್ತೆ ಸಿಕ್ಕಿಸುತ್ತಾರೆ.

ಮಸಿಯನ್ನು ಅಲಕ್ಷ್ಯ ಮಾಡಬೇಡಿ. ಜ್ವಾಲೆ ತಣ್ಣನೆಯ ಲಾಗ್‌ಗೆ ಬಡಿದು ಅರ್ಧ ಉರಿದ ಇಂಗಾಲ ಅಲ್ಲಿ ಕೂತಿದೆ. ಕಾರ್ಬನ್ ಮಾನಾಕ್ಸೈಡ್ ಹುಟ್ಟುವುದೂ ಹೀಗೆಯೇ. ವೆಂಟ್-ಫ್ರೀ ಸೆಟ್‌ನಲ್ಲಿ ಪ್ರತಿ ಲಾಗ್‌ಗೂ ಗೊತ್ತಾದ ಜಾಗ, ಗುಳಿ, ಮೊಳೆ ಇರುತ್ತದೆ. ಚಂದ ಕಾಣಲೆಂದು ಒಂದು ಇಂಚು ಸರಿಸುವಂತಿಲ್ಲ. ಕೈಪಿಡಿಯ ಚಿತ್ರ ಮುಂದಿಟ್ಟುಕೊಂಡು ಜೋಡಿಸಿ. ಸೆಟ್ ಜೊತೆ ಬರದ ಲಾವಾ ಕಲ್ಲು, ಕೆಂಡದಂತೆ ಕಾಣುವ ನಾರು, ಅಂಗಡಿಯ ಪೈನ್ ಕಾಯಿ ಏನಾದರೂ ಬರ್ನರ್ ಮೇಲೆ ಸುರಿದಿದ್ದರೆ ತೆಗೆಯಿರಿ. ಬರ್ನರ್ ಜ್ವಾಲೆಯ ತುದಿ ಹಳದಿ ಇದ್ದರೆ ತೊಂದರೆಯಿಲ್ಲ. ಸರಿಯಾಗಿ ಜೋಡಿಸಿದ ಮೇಲೂ ಮಸಿ ಕಟ್ಟಿದರೆ ಹಚ್ಚುವುದನ್ನು ನಿಲ್ಲಿಸಿ ತಂತ್ರಜ್ಞರನ್ನು ಕರೆಸಿ.

ಮಸಿ ಕಂಡಾಗ ತಗಡಿನ ಪಟ್ಟಿಯನ್ನು ಇನ್ನೊಮ್ಮೆ ಓದಿ. ವೆಂಟ್-ಫ್ರೀ ಆದರೆ ಅದರಲ್ಲಿ ಝಡ್21.11.2 ಎಂಬ ಮಾನದಂಡ ಇರುತ್ತದೆ. ಝಡ್21.60 ಅಂತಿದ್ದರೆ ಅದು ಚಿಮಣಿ ಬೇಕಾದ ಲಾಗ್, ಚಿಮಣಿಯ ಡ್ಯಾಂಪರ್ (ಹೊಗೆದಾರಿಯ ಮುಚ್ಚಳ) ತೆರೆದೇ ಉರಿಸಬೇಕು. ನೋಡಲು ಎರಡೂ ಒಂದೇ ಥರ. ಹಳೆಯ ಮಾಲೀಕರು "ವೆಂಟ್-ಫ್ರೀ" ಅಂದಿದ್ದನ್ನು ನಂಬಿ ಡ್ಯಾಂಪರ್ ಮುಚ್ಚಿ ಚಿಮಣಿ ಲಾಗ್ ಉರಿಸುವುದು ಈ ವಿಷಯದಲ್ಲಿ ಅತ್ಯಂತ ಅಪಾಯದ ತಪ್ಪು.

ನೀಲಿ ಜ್ವಾಲೆ:

ವಾಸನೆಗೆ ಬಹುಪಾಲು ಕಾರಣ ದೇವರ ಮಂಟಪ ಅಲ್ಲೇ ಇರುವುದು. ಊದುಬತ್ತಿ, ಕರ್ಪೂರ, ಸಾಂಬ್ರಾಣಿ, ಫಿನೈಲ್, ಹೊಸ ಬಣ್ಣ, ಒಗ್ಗರಣೆಯ ಹೊಗೆ, ಗಾಳಿಯಲ್ಲಿರುವ ಇಂಥ ಆವಿಯೆಲ್ಲ ಬರ್ನರ್ ಜ್ವಾಲೆಯೊಳಗೆ ಹೋಗಿ ಮುರಿದು ಘಾಟಾಗಿ ಹೊರಬರುತ್ತದೆ. ಚಿಮಣಿ ಇದ್ದರೆ ಹೊರಗೆ ಹೋಗುತ್ತಿತ್ತು, ಇಲ್ಲಿ ಮೂಗಿಗೇ ಬರುತ್ತದೆ. ಪೂಜೆ ಮುಗಿದು ಕೋಣೆಗೆ ಗಾಳಿಯಾಡಿದ ಮೇಲೆ ಹಚ್ಚಿ, ಸಾಧ್ಯವಾದರೆ ಮಂಟಪವನ್ನೇ ಬೇರೆ ಕಡೆ ಇಡಿ. ಕೊಳೆತ ಮೊಟ್ಟೆಯ ವಾಸನೆ ಬಂದರೆ ಮಾತ್ರ ಅದು ಬೇರೆ: ಗ್ಯಾಸ್ ಸೋರಿಕೆ. ಸ್ವಿಚ್ ಮುಟ್ಟದೆ ಎಲ್ಲರೂ ಹೊರಗೆ ಹೋಗಿ, ಹೊರಗಿನಿಂದಲೇ 911ಕ್ಕೆ ಅಥವಾ ಗ್ಯಾಸ್ ಕಂಪನಿಯ ತುರ್ತು ಸಂಖ್ಯೆಗೆ ಕರೆ ಮಾಡಿ.

ಗಾಜಿನ ನೀರಿಗೂ ಲೆಕ್ಕ ಇದೆ. 32,000 ಬಿಟಿಯು ನ್ಯಾಚುರಲ್ ಗ್ಯಾಸ್ ಉರಿದರೆ ಗಂಟೆಗೆ ಒಂದೂಕಾಲು ಲೀಟರಿಗೂ ಹೆಚ್ಚು ನೀರು ಆವಿಯಾಗಿ ಮನೆಯೊಳಗೇ ಉಳಿಯುತ್ತದೆ. ಮೂರು ಗಂಟೆಗೆ ನಾಲ್ಕು ಲೀಟರ್. ಕಿಟಕಿ ಚೌಕಟ್ಟಿನ ಮೂಲೆ, ಬೀರುವಿನ ಹಿಂದೆ ಬೂಷ್ಟು ಶುರುವಾಗಿದೆಯೇ ನೋಡಿ. ನೈಟ್ರೋಜನ್ ಡೈಆಕ್ಸೈಡ್ ಕೂಡ ಒಳಗೇ ಉಳಿಯುತ್ತದೆ, ಅದನ್ನು ಓಡಿಎಸ್ ಆಗಲಿ ಅಲಾರಂ ಆಗಲಿ ಗುರುತಿಸುವುದಿಲ್ಲ. ಮನೆಯಲ್ಲಿ ಆಸ್ತಮಾ ಇರುವವರಿದ್ದರೆ ವೆಂಟ್-ಫ್ರೀ ಬೇಡವೇ ಬೇಡ ಎಂಬುದು ನನ್ನ ಖಚಿತ ಅಭಿಪ್ರಾಯ. ಕ್ಯಾಲಿಫೋರ್ನಿಯಾದಲ್ಲಿ ಮನೆಗಳಿಗೆ ಇದಕ್ಕೆ ಅನುಮತಿಯೇ ಇಲ್ಲ.

ಕ್ಯಾರಿ ಕನ್ನಡಿಗ:

ಪಟ್ಟಿಯಲ್ಲಿ ಝಡ್21.11.2 ಇದೆ. ಮುಂದಿನ ಲಾಗ್ ಮೊಳೆಯಿಂದ ಹೊರಗೆ ಕೂತಿತ್ತು, ಮಂಟಪ ಸರಿಸುವಾಗ ತಗುಲಿರಬೇಕು. ಬಾಗಿಲು ತೆಗೆಸುತ್ತೇನೆ. ಆದರೆ ಅಮ್ಮನಿಗೆ ಬಾಗಿಲಿರುವ ಬೆಚ್ಚಗಿನ ಕೋಣೆ ಬೇಕೇ ಬೇಕು. ದಾರಿ ಏನು?

ಪೈಪ್ ರೆಂಚ್:

ಹಾಗಿದ್ದರೆ ಲಾಗ್ ತೆಗೆಸಿ, ಗ್ಯಾಸ್ ಕೊಳವೆಗೆ ಕ್ಯಾಪ್ ಹಾಕಿಸಿ, ಮಲಗುವ ಕೋಣೆಗೆ ಅನುಮತಿ ಇರುವ ಡೈರೆಕ್ಟ್-ವೆಂಟ್ ಇನ್ಸರ್ಟ್ ಹಾಕಿಸಿ. ಮುಂದಿನ ಗಾಜು ಮುಚ್ಚಿರುತ್ತದೆ. ಒಂದು ಕೊಳವೆ ಹೊರಗಿನ ಗಾಳಿ ತರುತ್ತದೆ, ಇನ್ನೊಂದು ಹೊಗೆಯನ್ನು ಹೊರಗೆ ಒಯ್ಯುತ್ತದೆ. ನಿಮ್ಮ ಇಟ್ಟಿಗೆ ಚಿಮಣಿಯೊಳಗೇ ಎರಡೂ ಇಳಿಯಬಹುದು. ಕೋಣೆಯ ಆಮ್ಲಜನಕ ಮುಟ್ಟುವುದಿಲ್ಲ, ನೀರಾವಿಯೂ ಒಳಗೆ ಬರುವುದಿಲ್ಲ. ಖರ್ಚು ಜಾಸ್ತಿ, ಪರ್ಮಿಟ್ ಬೇಕು. ಅಲ್ಲಿಯವರೆಗೆ ಅಮ್ಮನಿಗೆ ಎಣ್ಣೆ ತುಂಬಿದ ಎಲೆಕ್ಟ್ರಿಕ್ ರೇಡಿಯೇಟರ್ ಸಾಕು. ಎಕ್ಸ್‌ಟೆನ್ಷನ್ ವೈರ್ ಬಳಸದೆ ನೇರ ಗೋಡೆಯ ಪ್ಲಗ್‌ಗೆ ಹಾಕಿ.

ಅಲಾರಂ ಹಿಂಬದಿಯಲ್ಲಿ ತಯಾರಾದ ದಿನಾಂಕವೋ ಬದಲಾಯಿಸಬೇಕಾದ ದಿನಾಂಕವೋ ಅಚ್ಚಾಗಿರುತ್ತದೆ. ಇವತ್ತೇ ತಿರುಗಿಸಿ ನೋಡಿ. ಮಾದರಿಗೆ ತಕ್ಕಂತೆ ಐದರಿಂದ ಹತ್ತು ವರ್ಷಕ್ಕೆ ಅದರ ಆಯುಷ್ಯ ಮುಗಿಯುತ್ತದೆ, ಮುಗಿದ ಮೇಲೂ ಟೆಸ್ಟ್ ಗುಂಡಿ ಒತ್ತಿದರೆ ಕೂಗಬಹುದು. ಆ ಗುಂಡಿ ಪರೀಕ್ಷಿಸುವುದು ಸದ್ದನ್ನು, ಬ್ಯಾಟರಿಯನ್ನು; ಅನಿಲ ಗ್ರಹಿಸುವ ಭಾಗವನ್ನಲ್ಲ.