ಸಹಾಯ ಬೇಕು: ಸಬ್ಸಿಡಿ ಬಾಡಿಗೆ ಮನೆ, ಸಹಿ ಹಾಕುವ ಮುಂಚೆ ಒಂದು ಅನುಮಾನ

ತುಂಬಾ ದಿನ ಕಾದ ಮೇಲೆ ಅಮ್ಮನಿಗೂ ನನಗೂ ಸಬ್ಸಿಡಿ ಮನೆ ಸಿಕ್ಕಿದೆ. ಆದಾಯ ನೋಡಿ ನಮ್ಮ ಪಾಲಿನ ಬಾಡಿಗೆ, ಉಳಿದಿದ್ದು ಯೋಜನೆಯಿಂದ ಮಾಲೀಕರಿಗೆ. ಇಷ್ಟು ಅರ್ಥವಾಗಿದೆ.

ಆದರೆ ಮನೆ ನೋಡಲು ಹೋದಾಗ ಬಚ್ಚಲ ಗೋಡೆ ಒದ್ದೆಯಾಗಿ ಬಣ್ಣ ಉಬ್ಬಿತ್ತು, ಕಿಟಕಿಯ ಚಿಲಕ ಕೂರುತ್ತಲೇ ಇಲ್ಲ. ಫೋಟೋ ತೆಗೆದಿಟ್ಟಿದ್ದೇನೆ. ಮಾಲೀಕರು ಮೊದಲು ಸಹಿ ಹಾಕಿ, ರಿಪೇರಿ ಆಮೇಲೆ ಮಾಡಿಸೋಣ ಅನ್ನುತ್ತಾರೆ, ಕರಾರು ಪತ್ರದಲ್ಲಿ ನೋಡಿದರೆ ಮನೆ ಸುಸ್ಥಿತಿಯಲ್ಲಿದೆ ಅಂತ ಬರೆದಿದೆ. ಯೋಜನೆಯ ಆಫೀಸಿನಲ್ಲಿ ಕೇಳಿದರೆ ಮಾಲೀಕರನ್ನೇ ಕೇಳಿ ಅಂದರು. ಒಪ್ಪದಿದ್ದರೆ ಮನೆ ಕೈತಪ್ಪುತ್ತೆ ಅಂತ ಅಮ್ಮನಿಗೆ ಭಯ. ಸುಮ್ನೆ ಸಹಿ ಹಾಕಿದರೆ, ನಾಳೆ ಮನೆ ಬಿಡುವಾಗ ಅದೇ ಗೋಡೆಗೆ ಅಡ್ವಾನ್ಸ್‌ನಲ್ಲಿ ಮುರಿದುಕೊಳ್ಳಬಹುದು ಅಲ್ವಾ?

ಈ ದೋಷಗಳನ್ನು ಕರಾರಿನಲ್ಲೇ ಬರೆಸಿ ಸಹಿ ಹಾಕಿದರೆ ಸಾಕಾ, ಅಥವಾ ರಿಪೇರಿ ಮುಗಿದ ಮೇಲೇ ಸಹಿ ಅಂತ ಹೇಳುವ ಹಕ್ಕು ಬಾಡಿಗೆದಾರರಿಗೆ ಇದೆಯಾ?