ಸಹಾಯ ಬೇಕು: ಕಲಬುರಗಿ ಬಿಟ್ಟು ಹೈದರಾಬಾದಿಗೆ ಹೋಗೋದಾ, ಬೇಡವಾ?

ನಮಸ್ಕಾರ್ರೀ ಎಲ್ಲರಿಗೂ. ನಮ್ಮ ಮನೆಯವರಿಗೆ ಹೈದರಾಬಾದಿನಿಂದ ಒಳ್ಳೆ ಆಫರ್ ಬಂದಿದೆ. ಸಂಬಳ ಒಂದೂವರೆ ಪಟ್ಟು. ಆದರೆ ಇಲ್ಲಿ ಸ್ವಂತ ಮನೆ, ಅಲ್ಲಿ ಬಾಡಿಗೆ. ಹೆಚ್ಚಿಗೆ ಬಂದಿದ್ದೆಲ್ಲ ಅದಕ್ಕೇ ಹೋಗುತ್ತೆ ಅಂತ ನನ್ನ ಲೆಕ್ಕ. ಅತ್ತೆಯವರ ಮಂಡಿ ಚಿಕಿತ್ಸೆಗೆ ಹೇಗೂ ಹೈದರಾಬಾದಿಗೇ ಓಡಾಡ್ತೀವಿ, ಅದೊಂದು ಅನುಕೂಲ.

ತಲೆ ತಿನ್ನುತ್ತಿರೋದು ಮಗಳ ಓದು. ಈಗ ಆರನೇ ಕ್ಲಾಸ್. ಸಿಇಟಿಯಲ್ಲಿ ಕರ್ನಾಟಕದ ಸರ್ಕಾರಿ ಸೀಟು ಬೇಕಂದ್ರೆ ಸಾಮಾನ್ಯವಾಗಿ ಒಂದನೇ ಕ್ಲಾಸಿಂದ ಪಿಯುಸಿ ಒಳಗೆ 7 ವರ್ಷ ಇಲ್ಲೇ ಓದಿರಬೇಕು, ಎಸ್ಸೆಸ್ಸೆಲ್ಸಿ ಇಲ್ಲವೇ ಪಿಯುಸಿ ಇಲ್ಲೇ ಪಾಸಾಗಿರಬೇಕು. ಏಳನೇದು ಮುಗಿಸಿ ಹೋಗಿ, ಪಿಯುಸಿಗೆ ವಾಪಸ್ ಬಂದ್ರೆ ಸಾಕಾ? ನಮ್ಮ ಕಲ್ಯಾಣ ಕರ್ನಾಟಕದವರಿಗಿರೋ 371(ಜೆ) ಮೀಸಲಾತಿಗೆ ತೊಂದರೆ ಆಗುತ್ತಾ? ಮೇಲಾಗಿ ತೆಲಂಗಾಣದ ಶಾಲೆಗಳಲ್ಲಿ ತೆಲುಗು ಕಡ್ಡಾಯ. ಲಿಪಿ ಹತ್ತಿರ ಇದೆ, ಕಲೀತಾಳೆ ಅಂತಾರೆ ಇವರು. ಪರೀಕ್ಷೆ ಬರೆಯೋರು ಇವರಲ್ಲವಲ್ಲ!

ಕಾರು ಕೆಎ-32. ಅಲ್ಲಿ 12 ತಿಂಗಳು ಮೀರಿದ್ರೆ ಇಲ್ಲಿನ ಆರ್‌ಟಿಒದಿಂದ ಎನ್‌ಒಸಿ ತಗೊಂಡು ಟಿಜಿ ನಂಬರ್ ಮಾಡಿಸಬೇಕು. ಇಲ್ಲಿ ಕಟ್ಟಿದ ಲೈಫ್‌ಟೈಮ್ ಟ್ಯಾಕ್ಸ್ ವಾಪಸ್ ಪಡೆದವರು ಇದ್ದೀರಾ? ಎಷ್ಟು ಅಲೆದಾಡಿಸಿದ್ರು?

ಮಕ್ಕಳನ್ನ ಕರ್ಕೊಂಡು ಹೋದವರು, ಅದರಲ್ಲೂ ಹೋಗಿ ವಾಪಸ್ ಬಂದವರು, ದಯವಿಟ್ಟು ಹೇಳ್ರಿ. ತಿಂಗಳ ಕೊನೆಗೆ ಉತ್ತರ ಕೊಡಬೇಕು.