ಸನ್‌ಫ್ಲವರ್ ಎಣ್ಣೆಯಿಂದ ಗಂಟುನೋವು ಜಾಸ್ತಿ ಆಗುತ್ತದಾ?

ಉಡುಪಿ_ಹುಡುಗ:
ಅಮ್ಮನಿಗೆ ರುಮಟಾಯ್ಡ್ ಸಂಧಿವಾತ. ಔಷಧಿ ನಡೆಯುತ್ತಿದೆ, ಆದರೂ ಬೆಳಿಗ್ಗೆ ಎದ್ದ ಕೂಡಲೇ ಬೆರಳು ಮಡಚಲು ಆಗುವುದಿಲ್ಲ, ದೋಸೆ ಹುಯ್ಯಲು ಸೌಟು ಹಿಡಿಯುವುದೂ ಕಷ್ಟ. ಮೊನ್ನೆ ದೊಡ್ಡಪ್ಪ ವಾಟ್ಸಾಪಿನಲ್ಲಿ ಒಂದು ವಿಡಿಯೋ ಕಳಿಸಿದ್ದಾರೆ. ಸನ್‌ಫ್ಲವರ್ ಎಣ್ಣೆಯ ಒಮೆಗಾ-6 ಎಂಬ ಕೊಬ್ಬು ಮೈಯಲ್ಲಿ ಉರಿಯೂತ ಎಬ್ಬಿಸುತ್ತದಂತೆ, ಎಲ್ಲದಕ್ಕೂ ತೆಂಗಿನೆಣ್ಣೆಯೇ ಹಾಕಬೇಕಂತೆ. ಅಮ್ಮ ಆಗಲೇ ಎಣ್ಣೆ ಡಬ್ಬ ಪಕ್ಕದ ಮನೆಗೆ ಕೊಟ್ಟಾಯಿತು! ಇದರಲ್ಲಿ ಎಷ್ಟು ನಿಜ? ನಾವು ಮೀನು ತಿನ್ನುವವರು.

ಕಡಲಕರೆ:
ಅರ್ಧ ನಿಜ. ಸನ್‌ಫ್ಲವರ್ ಎಣ್ಣೆಯಲ್ಲಿ ಸಾಮಾನ್ಯವಾಗಿ ಅರ್ಧಕ್ಕಿಂತ ಜಾಸ್ತಿ ಇರುವುದು ಲಿನೋಲಿಕ್ ಆಮ್ಲ, ಅದೇ ಒಮೆಗಾ-6. ದೇಹ ಅದರಿಂದ ಅರಾಕಿಡೋನಿಕ್ ಆಮ್ಲ ಮಾಡುತ್ತದೆ, ಅದರಿಂದ ಪ್ರೊಸ್ಟಾಗ್ಲಾಂಡಿನ್. ನೋವು, ಊತ ಬರುವುದರಲ್ಲಿ ಇದರ ಕೈವಾಡ ಇದೆ, ಐಬುಪ್ರೊಫೇನ್‌ನಂಥ ನೋವಿನ ಮಾತ್ರೆ ನಿಲ್ಲಿಸುವುದೂ ಇದರ ತಯಾರಿಯನ್ನೇ. ಇಷ್ಟು ಕೇಳಿದರೆ ಯಾರಿಗಾದರೂ ಹೆದರಿಕೆ ಆಗುತ್ತದೆ. ಆದರೆ ಮಾರಾಯ್ರೆ, ತಿಂದ ಲಿನೋಲಿಕ್‌ನಲ್ಲಿ ತೀರಾ ಸ್ವಲ್ಪವೇ ಅರಾಕಿಡೋನಿಕ್ ಆಗುವುದು, ಎಣ್ಣೆ ಜಾಸ್ತಿ ತಿಂದ ಮಾತ್ರಕ್ಕೆ ಅದು ಏರುತ್ತಾ ಹೋಗುವುದಿಲ್ಲ. ಜನರಿಗೆ ಲಿನೋಲಿಕ್ ಹೆಚ್ಚು ಕಡಿಮೆ ಕೊಟ್ಟು ರಕ್ತದಲ್ಲಿ ಉರಿಯೂತ ತೋರಿಸುವ ಸಿಆರ್‌ಪಿ ಮುಂತಾದವನ್ನು ಅಳೆದ ಪ್ರಯೋಗಗಳನ್ನು 2012ರಲ್ಲಿ ಒಟ್ಟು ಸೇರಿಸಿ ನೋಡಿದ್ದಾರೆ. ಆರೋಗ್ಯವಂತರಲ್ಲಿ ಉರಿಯೂತ ಹೆಚ್ಚಿದ್ದಕ್ಕೆ ಪುರಾವೆ ಸಿಗಲಿಲ್ಲ.

ತೆಂಗಿನೆಣ್ಣೆಯಲ್ಲಿ ಸುಮಾರು 90% ಸ್ಯಾಚುರೇಟೆಡ್ ಕೊಬ್ಬು. ಬೇರೆ ಅಡುಗೆ ಎಣ್ಣೆಗಳಿಗಿಂತ ಎಲ್‌ಡಿಎಲ್, ಅಂದರೆ ಕೆಟ್ಟ ಕೊಲೆಸ್ಟ್ರಾಲ್, ಏರಿಸುತ್ತದೆ. ಈ ಕಾಯಿಲೆ ಇದ್ದವರಿಗೆ ಹೃದಯದ ತೊಂದರೆಯ ಅಪಾಯ ಮೊದಲೇ ಜಾಸ್ತಿ, ಅದು ವಿಡಿಯೋದವರಿಗೆ ಗೊತ್ತಿಲ್ಲ ಅಂತ ಕಾಣುತ್ತದೆ.

ಕುಡ್ಲದ_ಗಾಣ:
ಎಲ್ಲ ಸರಿ, ಆದರೆ ಬೂತಾಯಿ (ಸಾರ್ಡೀನ್ ಮೀನು) ಪುಳಿಮುಂಚಿಗೆ ಕೊನೆಗೆ ಮೇಲಿಂದ ಒಂದು ಚಮಚ ತೆಂಗಿನೆಣ್ಣೆ ಬಿಡದಿದ್ದರೆ ಅದನ್ನು ಯಾರು ತಿನ್ನುತ್ತಾರೆ? ಅಷ್ಟು ಬಿಟ್ಟುಬಿಡಿ. ನಂಗೆ ಕೋಪ ಬರುವುದು ಬೇರೆ ವಿಷಯಕ್ಕೆ. ಗೋಳಿಬಜೆ ಕಾಯಿಸಿದ ಎಣ್ಣೆಯಲ್ಲೇ ಸಂಜೆ ಮತ್ತೆ ಬನ್ಸ್, ಮರುದಿನ ಮೀನು, ಎಣ್ಣೆ ಕಪ್ಪಾಗಿ ನೊರೆ ಬಂದರೂ ಬಾಣಲೆ ಇಳಿಸುವುದಿಲ್ಲ. ಸನ್‌ಫ್ಲವರ್‌ನಂಥ ಎಣ್ಣೆ ಮತ್ತೆ ಮತ್ತೆ ಕಾದರೆ ಬೇಗ ಕೆಡುತ್ತದೆ. ಎಣ್ಣೆ ಕೆಟ್ಟಾಗ ಅದರಲ್ಲಿ ಹುಟ್ಟುವ ಪೋಲಾರ್ ಕಾಂಪೌಂಡ್ ಎಂಬ ವಸ್ತುಗಳು 25% ದಾಟಿದರೆ ಬಳಸಬಾರದು ಅಂತ 2018ರಿಂದ ಆಹಾರ ಸುರಕ್ಷತೆ ನೋಡಿಕೊಳ್ಳುವ ಎಫ್‌ಎಸ್‌ಎಸ್‌ಎಐ ನಿಯಮವೇ ಇದೆ. ವಿಡಿಯೋ ಮಾಡುವವರು ಇದರ ಬಗ್ಗೆ ಮಾಡಲಿ.

ಮಲ್ಪೆ_ಅಕ್ಕ:
ತಮ್ಮಾ, ಎಣ್ಣೆ ಬದಲಿಸುವುದಕ್ಕಿಂತ ತಟ್ಟೆಗೆ ಮೀನು ಬರುವುದು ಮುಖ್ಯ. ಬೂತಾಯಿ, ಬಂಗುಡೆಯಲ್ಲಿ ಇಪಿಎ, ಡಿಎಚ್‌ಎ ಎಂಬ ಒಮೆಗಾ-3 ಇದೆ. ಅರಾಕಿಡೋನಿಕ್‌ನಿಂದ ಪ್ರೊಸ್ಟಾಗ್ಲಾಂಡಿನ್ ಆಗುವುದಕ್ಕೆ ಇಪಿಎ ಅಡ್ಡ ನಿಲ್ಲುತ್ತದೆ, ಊತ ಇಳಿಸುವ ರಿಸಾಲ್ವಿನ್‌ಗಳೂ ಇವುಗಳಿಂದಲೇ ಆಗುವುದು. ಮಳೆಗಾಲ ಮುಗಿದ ಮೇಲಿನ ಬೂತಾಯಿ ಕಾವಲಿಗೆ ಹಾಕಿ ನೋಡಿ, ಅದರದ್ದೇ ಎಣ್ಣೆ ಬಿಟ್ಟುಕೊಂಡು ಅದರಲ್ಲೇ ಬೇಯುತ್ತದೆ.

ಆದರೆ ಆಸೆ ಜಾಸ್ತಿ ಬೇಡ. ಸಂಧಿವಾತದವರಲ್ಲಿ ಬೆಳಗಿನ ಬಿಗಿತ, ನೋವಿನ ಮಾತ್ರೆ ಕಡಿಮೆಯಾದ ಪ್ರಯೋಗಗಳಲ್ಲಿ ದಿನಕ್ಕೆ ಸುಮಾರು 3 ಗ್ರಾಂ ಇಪಿಎ-ಡಿಎಚ್‌ಎ ಕೊಟ್ಟಿದ್ದರು. ಅಂಗಡಿಯ ಮಾಮೂಲಿ 1000 ಮಿಲಿಗ್ರಾಂ ಕ್ಯಾಪ್ಸೂಲಿನಲ್ಲಿ ಹೆಚ್ಚಾಗಿ ಇವೆರಡೂ ಸೇರಿ ಇರುವುದು 300 ಮಿಲಿಗ್ರಾಂ ಮಾತ್ರ. ಅಂದರೆ ದಿನಕ್ಕೆ ಹತ್ತು ನುಂಗಬೇಕು! ರಕ್ತ ತೆಳುವಾಗುವ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಡಾಕ್ಟರನ್ನು ಕೇಳದೆ ಮುಟ್ಟಲೇಬೇಡಿ. ಈಗಿನ ಔಷಧಿ ಸುಮ್ನೆ ನಿಲ್ಲಿಸಬೇಡಿ.

ಉಡುಪಿ_ಹುಡುಗ:
ಥ್ಯಾಂಕ್ಸ್ ಅಕ್ಕ. ಜೂನ್, ಜುಲೈ ಟ್ರಾಲರ್ ಬಂದ್ ಇರುವಾಗ ಏನು ಮಾಡುವುದು? ಒಣಮೀನು ಆಗುತ್ತದಾ? ಅಗಸೆ ಬೀಜ ಸಾಕಾ?

ಮಲ್ಪೆ_ಅಕ್ಕ:
ಅಗಸೆಯಲ್ಲಿರುವುದು ಎಎಲ್‌ಎ ಎಂಬ ಬೇರೆ ಒಮೆಗಾ-3, ದೇಹದಲ್ಲಿ ಅದು ಇಪಿಎ ಆಗುವುದು ಸ್ವಲ್ಪವೇ. ಚಟ್ನಿಪುಡಿ ಮಾಡಿ ತಿನ್ನಿ, ಮೀನಿನ ಬದಲಿಗಲ್ಲ. ಒಣಮೀನಿನಲ್ಲಿ ಉಪ್ಪು ವಿಪರೀತ, ಬಿಸಿಲಿಗೆ ಒಮೆಗಾ-3 ಕೂಡ ಕೆಡುತ್ತದೆ. ಫ್ರೀಜರಿನ ಬಂಗುಡೆ ತನ್ನಿ, ಹುರಿಯುವುದಕ್ಕಿಂತ ಗಸಿ ಮಾಡಿ.